ಕಥೋಲಿಕ ಕಿರುಪತ್ರಿಕೆಗೆ ಹೆಸರು ಬೇಕು, ಎಲ್ಲಿಂದ ಹುಡುಕುವುದು?

ಹೊಸಪುಟ
ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಒಂದು ಕಿರುಪತ್ರಿಕೆ ತರುತ್ತಿದ್ದೇವೆ. ತಿಂಗಳಿಗೊಂದು ಸಂಚಿಕೆ, ಎಂಟು ಪುಟ. ಭಾನುವಾರ ಚರ್ಚಿನಲ್ಲಿ ಓದುವ ಬೈಬಲ್ ವಾಚನಗಳ ಮೇಲೆ ಒಂದು ಬರಹ, ಒಬ್ಬ ಸಂತರ ಕಥೆ, ಒಂದು ಪುಸ್ತಕ ಪರಿಚಯ, ಮತ್ತೆ ಓದುಗರ ಪ್ರಶ್ನೆಗಳು. ಬರಹ ಎಲ್ಲಾ ತಯಾರಾಗಿದೆ, ಹೆಸರು ಮಾತ್ರ ಇಲ್ಲ. ಸದ್ಯಕ್ಕೆ ಪಟ್ಟಿಯಲ್ಲಿರುವುದು: ದಿವ್ಯಜ್ಯೋತಿ, ಸತ್ಯವಾಣಿ, ವಿಶ್ವಾಸದ ಬೆಳಕು, ಕಥೋಲಿಕ ದನಿ. ನಮಗೇ ಸಮಾಧಾನ ಇಲ್ಲ. ಒಳ್ಳೆ ಹೆಸರು ಬೇಕಾದರೆ ಎಲ್ಲಿ ಹುಡುಕಬೇಕು?

ಕರಡುತಿದ್ದು
ನಾಲ್ಕರಲ್ಲಿ ಯಾವುದನ್ನು ಇಟ್ಟರೂ ಒಳಗಿನ ಪುಟ ಒಂದಕ್ಷರವೂ ಬದಲಾಗುವುದಿಲ್ಲ. ತೊಂದರೆ ಅದೇ. ಜ್ಯೋತಿ, ವಾಣಿ, ಬೆಳಕು, ದನಿ ಇವೆಲ್ಲ ಎಲ್ಲರಿಗೂ ಒಪ್ಪುತ್ತವೆ, ಅದಕ್ಕೇ ಯಾರಿಗೂ ಸ್ವಂತವಾಗುವುದಿಲ್ಲ. ಇದನ್ನು ಯಾರು ಓದುತ್ತಾರೆ, ಓದಿದ ಮೇಲೆ ಏನು ಮಾಡಬೇಕು ಅಂತ ನಿಮ್ಮ ಆಸೆ, ಅದನ್ನು ಮೊದಲು ಹೇಳಿ. ಹೆಸರು ಆಮೇಲೆ.

ಸಂಜೆಪ್ರಾರ್ಥನೆ
ಆರಾಧನೆಯ ಪುಸ್ತಕಗಳನ್ನು ತೆರೆಯಿರಿ. ಅಲ್ಲಿ ಹೆಸರುಗಳು ರಾಶಿ ಬಿದ್ದಿವೆ, ಬಾಚಿಕೊಳ್ಳುವವರು ಕಡಿಮೆ.

ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ದಿನಗಳ, ಕೊನೆಯ ವಾರ ನೋಡಿ. ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಬಿರುದಿನಿಂದ ಯೇಸುವನ್ನು ಕರೆಯುತ್ತಾರೆ. ಓ ಜ್ಞಾನವೇ, ಓ ಸರ್ವೇಶ್ವರ, ಓ ಜೆಸ್ಸೆಯ ಬೇರೇ, ಓ ದಾವೀದನ ಬೀಗದ ಕೈಯೇ, ಓ ಉದಯವೇ, ಓ ರಾಷ್ಟ್ರಗಳ ಅರಸನೇ, ಓ ಇಮ್ಮಾನುವೇಲನೇ. ಲ್ಯಾಟಿನ್‌ನಲ್ಲಿ ಈ ಏಳು ಬಿರುದುಗಳ ಮೊದಲ ಅಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಜೋಡಿಸಿದರೆ 'ಎರೋ ಕ್ರಾಸ್' ಅಂತಾಗುತ್ತದೆ. ನಾಳೆ ನಾನು ಬರುತ್ತೇನೆ ಅಂತ. 'ಬೀಗದ ಕೈ' ಅಂತ ಒಂದು ಪತ್ರಿಕೆ ಕಂಡರೆ ನಾನಂತೂ ಕೈಗೆತ್ತಿಕೊಳ್ಳುತ್ತೇನೆ.

ಇನ್ನು ಲೊರೆಟೊ ಪ್ರಾರ್ಥನಾಮಾಲೆ, ಮಾತೆ ಮರಿಯಳ ಬಿರುದುಗಳ ಸಾಲು. 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಒಪ್ಪಿಗೆ ಕೊಟ್ಟದ್ದು. ಜ್ಞಾನದ ಪೀಠ, ನಮ್ಮ ಸಂತೋಷದ ಕಾರಣ, ಸ್ವರ್ಗದ ಬಾಗಿಲು, ಬೆಳಗಿನ ನಕ್ಷತ್ರ, ಚಿನ್ನದ ಮನೆ. 2020ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಮೂರು ಸೇರಿಸಿದರು: ಕರುಣೆಯ ಮಾತೆ, ಭರವಸೆಯ ಮಾತೆ, ವಲಸಿಗರ ಸಾಂತ್ವನ. ನಿಮ್ಮ ಪತ್ರಿಕೆ ಊರು ಬಿಟ್ಟು ಹೋದವರಿಗಾಗಿ ಆಗಿದ್ದರೆ ಕೊನೆಯದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ನಾಲ್ಕನೇಬೆಂಚು
'ಚಿನ್ನದ ಮನೆ' ಅಂತ ಇಟ್ಟರೆ ಬಳೆ ಕೊಳ್ಳೋಕೆ ಜನ ಬರುತ್ತಾರೆ ಸಂಜೆಯಕ್ಕ.

ಸಂಜೆಪ್ರಾರ್ಥನೆ
ಬರಲಿ ಬಿಡಪ್ಪ, ಒಂದು ಸಂಚಿಕೆ ಕೊಟ್ಟು ಕಳಿಸೋಣ.

ಸುಮ್ನೆಓದುಗ
ಲ್ಯಾಟಿನ್ ಹೆಸರು ಯಾಕಾಗಬಾರದು? ಒಂದು ಗತ್ತು ಇರುತ್ತದೆ. ಗೌದೇತೆ, ಲೆತಾರೆ, ಮಾಗ್ನಿಫಿಕಾತ್. ಪೋಪರು ಇಡೀ ಧರ್ಮಸಭೆಗೆ ಬರೆಯುವ ವಿಶ್ವಪತ್ರಗಳೆಲ್ಲ ಹಾಗೇ ಅಲ್ವಾ? ರೇರುಮ್ ನೋವಾರುಮ್, ಪಾಚೆಮ್ ಇನ್ ತೆರ್ರಿಸ್.

ನಾಲ್ಕನೇಬೆಂಚು
ಗತ್ತು ಇರುತ್ತದೆ ಸ್ವಾಮಿ, ಓದುಗ ಇರುವುದಿಲ್ಲ. ಪಕ್ಕದವರಿಗೆ 'ಅದೇನೋ ಒಂದು ಪತ್ರಿಕೆ, ಹೆಸರು ನಾಲಿಗೆ ಮೇಲೆ ನಿಲ್ಲುತ್ತಿಲ್ಲ' ಅಂತ ಹೇಳಬೇಕಾದರೆ ಆ ಹೆಸರು ಸೋತ ಹಾಗೆ.

ಕರಡುತಿದ್ದು
ಸುಮ್ನೆಓದುಗರು ಹೇಳಿದ್ದರಲ್ಲಿ ಲ್ಯಾಟಿನ್ ಬಿಟ್ಟು, ಅದರ ವಿಧಾನ ಇಟ್ಟುಕೊಳ್ಳಿ. ಆ ದಾಖಲೆಗಳಿಗೆ ಕೂತು ಯೋಚಿಸಿ ಹೆಸರಿಟ್ಟದ್ದಲ್ಲ. ಬರಹದ ಮೊದಲ ಒಂದೆರಡು ಪದವೇ ಹೆಸರು. 1891ರಲ್ಲಿ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದದ್ದು 'ಹೊಸ ಸಂಗತಿಗಳ' ಅಂತ ಶುರುವಾಗುತ್ತದೆ, ಅದೇ ರೇರುಮ್ ನೋವಾರುಮ್. ಲ್ಯಾಟಿನ್ನೇ ಆಗಬೇಕು ಅಂತಲೂ ಇಲ್ಲ. 1937ರಲ್ಲಿ ನಾಜಿ ಆಡಳಿತಕ್ಕೆ ಎದುರಾಗಿ ಹನ್ನೊಂದನೇ ಪಿಯುಸ್ ಬರೆದದ್ದರ ಹೆಸರು ಜರ್ಮನ್‌ನಲ್ಲಿದೆ, ಯಾಕೆಂದರೆ ಓದಬೇಕಾದವರು ಜರ್ಮನರು. 2015ರ ಲೌದಾತೊ ಸೀ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಾಡಿನಿಂದ ಬಂದದ್ದು. ಅದು ಅವರ ಕಾಲದ ಜನ ಆಡುತ್ತಿದ್ದ ಇಟಾಲಿಯನ್. ಗೌದೇತೆ ಭಾನುವಾರ, ಲೆತಾರೆ ಭಾನುವಾರ ಕೂಡ ಆ ದಿನದ ಪ್ರವೇಶ ಗೀತೆಯ ಮೊದಲ ಪದದಿಂದ ಬಂದವು.

ಹೊಸಪುಟ ಅವರೇ, ನಿಮ್ಮ ಮೊದಲ ಸಂಚಿಕೆಯ ಮೊದಲ ವಾಕ್ಯ ಏನು? ಇಲ್ಲಿ ಹಾಕಿ, ನೋಡೋಣ.

ಕಾನೂನುಮೇಷ್ಟ್ರು
ನಡುವೆ ಬಾಯಿ ಹಾಕುತ್ತಿದ್ದೇನೆ. ಪಟ್ಟಿಯಲ್ಲಿ 'ಕಥೋಲಿಕ ದನಿ' ಇದೆ. ಅದನ್ನು ಇಡುವ ಮೊದಲು ಒಂದು ವಿಷಯ ಗೊತ್ತಿರಲಿ.

1983ರ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನು ಸಂಹಿತೆಯ 216ನೇ ವಿಧಿ ಎರಡು ಮಾತು ಹೇಳುತ್ತದೆ. ವಿಶ್ವಾಸಿಗಳು ತಮ್ಮದೇ ಪ್ರಯತ್ನದಿಂದ ಪ್ರೇಷಿತ ಕಾರ್ಯಗಳನ್ನು, ಅಂದರೆ ವಿಶ್ವಾಸ ಹರಡುವ ಕೆಲಸಗಳನ್ನು, ಶುರುಮಾಡಬಹುದು, ಅದು ಅವರ ಹಕ್ಕು. ಆದರೆ ಅಂಥ ಯಾವ ಕಾರ್ಯವೂ ಅಧಿಕಾರ ಇರುವವರ ಒಪ್ಪಿಗೆ ಇಲ್ಲದೆ 'ಕಥೋಲಿಕ' ಅನ್ನುವ ಹೆಸರು ಹಚ್ಚಿಕೊಳ್ಳುವ ಹಾಗಿಲ್ಲ. ಸಂಘಗಳಿಗೆ 300ನೇ ವಿಧಿ, ಶಾಲೆಗಳಿಗೆ 803, ವಿಶ್ವವಿದ್ಯಾಲಯಗಳಿಗೆ 808. ಎಲ್ಲದರ ತಿರುಳು ಒಂದೇ.

ಅಂದರೆ ಪತ್ರಿಕೆ ಮಾಡೋಕೆ ಧರ್ಮಸಭೆಯಲ್ಲಿ ಯಾರನ್ನೂ ಕೇಳಬೇಕಿಲ್ಲ. ಆ ಪದವನ್ನು ಹೆಸರಲ್ಲಿ ಇಡೋಕೆ ಕೇಳಬೇಕು. ಸಾಮಾನ್ಯವಾಗಿ ಕೇಳಬೇಕಾದ್ದು ನಿಮ್ಮ ಬಿಷಪ್ಪರನ್ನು.

ಸುಮ್ನೆಓದುಗ
ಇದು ಸ್ವಲ್ಪ ಜಾಸ್ತಿ ಆಯಿತು ಮೇಷ್ಟ್ರೇ. ಕಥೋಲಿಕರು ನಡೆಸುವ ಪತ್ರಿಕೆಯನ್ನು ಕಥೋಲಿಕ ಅನ್ನೋಕೂ ಅಪ್ಪಣೆ ಬೇಕಾ?

ಕಾನೂನುಮೇಷ್ಟ್ರು
ನಡೆಸುವವರು ಕಥೋಲಿಕರು ಅಂತ ಹೇಳಿಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ. ಆದರೆ 'ಕಥೋಲಿಕ ದನಿ' ಅಂತ ಮೇಲೆ ದಪ್ಪಕ್ಷರದಲ್ಲಿ ಕಂಡರೆ ಓದಿದವನು ಇದು ಧರ್ಮಸಭೆಯೇ ಆಡಿದ ಮಾತು ಅಂದುಕೊಳ್ಳುತ್ತಾನೆ. ಒಳಗಿರುವುದು ನಿಮ್ಮ ಅಭಿಪ್ರಾಯ. ಆ ಗೊಂದಲ ಬೇಡ ಅಂತಲೇ ವಿಧಿ.

ಇದರ ಮೇಲೆ ಹಳೇ ಜಗಳವೂ ಒಂದಿದೆ. ನ್ಯೂಯಾರ್ಕ್‌ನಲ್ಲಿ 1933ರ ಮೇ 1ರಂದು ಡೊರೊಥಿ ಡೇ ಮತ್ತು ಪೀಟರ್ ಮೋರಿನ್ 'ಕ್ಯಾಥೊಲಿಕ್ ವರ್ಕರ್' ಪತ್ರಿಕೆ ಶುರುಮಾಡಿದರು. ಬೆಲೆ ಒಂದು ಸೆಂಟ್. 1951ರಲ್ಲಿ ಅಲ್ಲಿನ ಮಹಾಧರ್ಮಪ್ರಾಂತ್ಯದ ಕಚೇರಿ ಆಕೆಯನ್ನು ಕರೆಸಿ, ಪತ್ರಿಕೆ ನಿಲ್ಲಿಸಿ, ಇಲ್ಲವೇ ಹೆಸರಿನಿಂದ ಕ್ಯಾಥೊಲಿಕ್ ತೆಗೆಯಿರಿ ಅಂದಿತು. ಆಕೆ ವಿನಯದಿಂದ ಪತ್ರ ಬರೆದರು, ಆದರೆ ಹೆಸರು ಬಿಡಲಿಲ್ಲ. ಯುದ್ಧದಿಂದ ಮರಳಿದ ಕಥೋಲಿಕ ಸೈನಿಕರ ಸಂಘವೂ ಅದೇ ಪದ ಇಟ್ಟುಕೊಂಡಿದೆಯಲ್ಲ, ಅದರ ಮಾತನ್ನು ಯಾರೂ ಮಹಾಧರ್ಮಪ್ರಾಂತ್ಯದ ಮಾತು ಅಂದುಕೊಳ್ಳುವುದಿಲ್ಲವಲ್ಲ ಅಂತ ಆಕೆಯ ವಾದ. ವಿಷಯ ಅಲ್ಲಿಗೇ ತಣ್ಣಗಾಯಿತು. ಈಗಿನ ಸಂಹಿತೆಗಿಂತ ಮೊದಲಿನ ಕಥೆ ಇದು, ನೆನಪಿರಲಿ. ಡೊರೊಥಿ ಡೇಗೆ ಬೆನ್ನ ಹಿಂದೆ ಹದಿನೆಂಟು ವರ್ಷದ ಕೆಲಸ ಇತ್ತು. ನಿಮಗೆ ಇನ್ನೂ ಮೊದಲ ಸಂಚಿಕೆಯೇ ಬಂದಿಲ್ಲ.

ಕರಡುತಿದ್ದು
ಕಾನೂನು ಬಿಟ್ಟು ನೋಡಿದರೂ ಆ ಪದ ಬೇಡ. ಮೊದಲ ಪುಟದಲ್ಲಿ ಬಲಿಪೂಜೆ, ಎರಡನೇ ಪುಟದಲ್ಲಿ ಸಂತರು. ಓದುವವನಿಗೆ ಇದು ಕಥೋಲಿಕ ಅಂತ ಹೇಳಿ ತಿಳಿಸಬೇಕಾ?

ಹೊಸಪುಟ
ತುಂಬಾ ಧನ್ಯವಾದ. ಒಂದೇ ದಿನಕ್ಕೆ ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. 'ಕಥೋಲಿಕ ದನಿ' ಹೊಡೆದುಹಾಕಿದ್ದೇವೆ.

ಕರಡುತಿದ್ದು ಅವರ ಪ್ರಶ್ನೆಗೆ ಉತ್ತರ. ನಮ್ಮ ಓದುಗರು ಪಂಡಿತರಲ್ಲ. ಚಿಕ್ಕಂದಿನಲ್ಲಿ ಜ್ಞಾನೋಪದೇಶ ಕಲಿತು, ಆಮೇಲೆ ಎಷ್ಟೋ ವರ್ಷ ಚರ್ಚಿನ ಕಡೆ ತಲೆ ಹಾಕದೆ, ಈಗ ಮೆಲ್ಲಗೆ ಹಿಂದಿನ ಬೆಂಚಿಗೆ ಬಂದು ಕೂರುವವರು. ಅವರಿಗೆ ಪ್ರಶ್ನೆ ಬೇಕಾದಷ್ಟಿದೆ, ಕೇಳೋಕೆ ಸಂಕೋಚ. ಹಾಗಾಗಿ ನಮ್ಮ ಪ್ರಶ್ನೋತ್ತರವೇ ಪತ್ರಿಕೆಯ ಜೀವ, ಉಳಿದದ್ದು ಅದರ ಸುತ್ತ. ಮೊದಲ ಸಂಚಿಕೆಯ ಮೊದಲ ವಾಕ್ಯ ಹೀಗಿದೆ: 'ತಡವಾಗಿ ಬಂದವರಿಗೂ ಇಲ್ಲಿ ಜಾಗವಿದೆ.'

ನಾಲ್ಕನೇಬೆಂಚು
ಹಿಂದಿನ ಬೆಂಚು ಅಂದ್ರಾ? ನನ್ನ ವಿಳಾಸ ಯಾರು ಕೊಟ್ಟರು?

ಸಂಜೆಪ್ರಾರ್ಥನೆ
ಆ ವಾಕ್ಯದಲ್ಲೇ ಹೆಸರಿದೆಯಲ್ಲ! ಮತ್ತಾಯ 20ನೇ ಅಧ್ಯಾಯ, ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿ, ಅಂದರೆ ನೀತಿಕಥೆ. ಯಜಮಾನ ಬೆಳಿಗ್ಗೆ ಕೂಲಿಯಾಳುಗಳನ್ನು ಕರೆಯುತ್ತಾನೆ, ಮಧ್ಯಾಹ್ನ ಕರೆಯುತ್ತಾನೆ, ಕೊನೆಗೆ ಹನ್ನೊಂದನೇ ಗಂಟೆಗೂ ಹೋಗಿ ಕರೆಯುತ್ತಾನೆ. ನಮ್ಮ ಲೆಕ್ಕದಲ್ಲಿ ಅದು ಸಂಜೆ ಐದು. ಇನ್ನೊಂದು ಗಂಟೆ ಕಳೆದರೆ ಕತ್ತಲು. ಕೂಲಿ ಮಾತ್ರ ಎಲ್ಲರಿಗೂ ಒಂದೇ ದಿನಾರ್. 'ಐದು ಗಂಟೆಯವರು' ಅಂತ ಇಡಿ. ಸಂತ ಅಗಸ್ಟೀನರೂ ಅದೇ ಗುಂಪು. ಇಷ್ಟು ತಡವಾಗಿ ನಿನ್ನನ್ನು ಪ್ರೀತಿಸಿದೆನಲ್ಲ ಅಂತ ಅವರು ಕೊರಗುವುದು ತಮ್ಮ ನಿವೇದನೆಗಳ ಹತ್ತನೇ ಭಾಗದಲ್ಲಿ ಬರುತ್ತದೆ.

ಸುಮ್ನೆಓದುಗ
ವಾಹ್. ಇದಕ್ಕೆ ನನ್ನ ಮತ. ಲ್ಯಾಟಿನ್ ಬಿಟ್ಟುಕೊಟ್ಟೆ.

ಗಾಯನವೃಂದ
ಮೊದಲಿಂದ ಓದುತ್ತಿದ್ದೆ, ಈಗ ಹೇಳುತ್ತೇನೆ. ಐದು ಗಂಟೆಯವರು ಕೇಳೋಕೆ ಚೆನ್ನ. ಆದರೆ ಅದು ಓದುಗರ ಹಣೆ ಮೇಲೆ ಚೀಟಿ ಅಂಟಿಸಿದ ಹಾಗೆ. ಸಂಕೋಚಪಟ್ಟುಕೊಂಡು ಬಂದವರ ಕೈಗೆ 'ತಡವಾಗಿ ಬಂದವರ ಪತ್ರಿಕೆ' ಕೊಟ್ಟರೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಹೊರಗೆ ತೆಗೆಯುವುದಿಲ್ಲ. ಸಂತ ಅಗಸ್ಟೀನರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು ಬೇರೆ, ಇನ್ನೊಬ್ಬರು ಅವರಿಗೆ ಹೇಳುವುದು ಬೇರೆ.

ನಾನು ಹೆಸರು ಹುಡುಕುವ ರೀತಿ ಬೇರೆ. ಶುಭಸಂದೇಶದಲ್ಲಿ ದೊಡ್ಡ ಪದಗಳನ್ನು ದಾಟಿಕೊಂಡು ಹೋಗಿ ಸಣ್ಣ ವಸ್ತು ನೋಡುತ್ತೇನೆ. ಮಾರ್ಕ 4ರಲ್ಲಿ ಬಿರುಗಾಳಿ, ಎಲ್ಲರಿಗೂ ಗೊತ್ತು. ಯೇಸು ತಲೆ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದ್ದರು ಅನ್ನುವುದನ್ನು ಮಾರ್ಕ ಒಬ್ಬನೇ ಹೇಳುತ್ತಾನೆ. ಯೊವಾನ್ನ 4ರಲ್ಲಿ ಸಮಾರ್ಯದ ಹೆಂಗಸು ಊರೊಳಗೆ ಓಡುವಾಗ ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟುಹೋಗುತ್ತಾಳೆ. ಬಂದದ್ದೇ ನೀರಿಗೆ! ಯೊವಾನ್ನ 18ರಲ್ಲಿ ಪೇತ್ರ ಇದ್ದಿಲ ಬೆಂಕಿಯ ಮುಂದೆ ನಿಂತು ಚಳಿ ಕಾಯಿಸಿಕೊಳ್ಳುತ್ತಾ ಯೇಸುವಿನ ಶಿಷ್ಯ ನಾನಲ್ಲ ಅನ್ನುತ್ತಾನೆ. 21ರಲ್ಲಿ ಸರೋವರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ, ಮೇಲೆ ಮೀನು, ಮತ್ತೆ ಮೂರು ಸಲ ಯೇಸುವಿನ ಪ್ರಶ್ನೆ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಇನ್ನೊಂದು ಪ್ರೇಷಿತರ ಕಾರ್ಯಕಲಾಪಗಳು 12. ಸೆರೆಯಿಂದ ಬಿಡುಗಡೆಯಾದ ಪೇತ್ರ ಬಂದು ಬಾಗಿಲು ಬಡಿಯುತ್ತಾನೆ. ರೋದೆ ಅನ್ನುವ ಕೆಲಸದ ಹುಡುಗಿಗೆ ದನಿ ಗುರುತು ಸಿಗುತ್ತದೆ. ಎಷ್ಟು ಖುಷಿ ಅಂದರೆ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ. ಪೇತ್ರ ಹೊರಗೆ ಬಡಿಯುತ್ತಲೇ ಇದ್ದಾನೆ.

ಕೊಡ, ಇದ್ದಿಲು, ದಿಂಬು, ಬಾಗಿಲ ಬಡಿತ. ಇವಕ್ಕೆ ಕಥೆ ಅಂಟಿಕೊಂಡೇ ಇದೆ. ಹೆಸರಿನ ಅರ್ಥ ಕೇಳಿದವರಿಗೆ ಆ ಕಥೆ ಹೇಳಬಹುದು.

ನಾಲ್ಕನೇಬೆಂಚು
'ದಿಂಬು' ನನಗೆ ಬಹಳ ಹಿಡಿಸಿತು. ಆದರೆ ಓದಿದವರು ನಿದ್ದೆ ಹೋಗುತ್ತಾರೆ ಅಂತ ನಾವೇ ಹೇಳಿದ ಹಾಗಾಗುತ್ತದೆ.

ಸುಮ್ನೆಓದುಗ
ಎಮ್ಮಾವುಸ್ ದಾರಿ ಯಾರೂ ಹೇಳಲಿಲ್ಲವಲ್ಲ? ಲೂಕ 24. ಪುನರುತ್ಥಾನರಾದ ಯೇಸು ಗುರುತು ಸಿಗದ ಹಾಗೆ ಇಬ್ಬರು ಶಿಷ್ಯರ ಜೊತೆ ನಡೆದ ದಾರಿ. ನಡೆಯುತ್ತಾ ಮಾತು, ಪ್ರಶ್ನೆ, ಪವಿತ್ರ ಗ್ರಂಥದ ವಿವರಣೆ, ರೊಟ್ಟಿ ಮುರಿಯುವುದು. ಇವರ ಪತ್ರಿಕೆಗೆ ಅಳೆದು ಹೊಲಿಸಿದ ಹಾಗಿದೆ.

ಕರಡುತಿದ್ದು
ಅಳತೆ ಸರಿಯಿದೆ, ಆದರೆ ಎಲ್ಲರೂ ಅದನ್ನೇ ತೊಟ್ಟಿದ್ದಾರೆ. 1949ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಸೇವಾ ಚಳವಳಿಯ ಹೆಸರು ಎಮ್ಮಾವುಸ್. ಧ್ಯಾನಕೂಟ, ಪ್ರಕಾಶನ, ಪ್ರಾರ್ಥನಾ ಗುಂಪು, ಎಲ್ಲಿ ನೋಡಿದರೂ ಅದೇ. ಹತ್ತರಲ್ಲಿ ಹನ್ನೊಂದನೆಯವರಾಗಿ ಯಾಕೆ ನಿಲ್ಲಬೇಕು?

ಸಂಜೆಪ್ರಾರ್ಥನೆ
ಮಠಗಳ ಕಡೆ ಹೋಗೋಣ. ಸಂತ ಬೆನೆಡಿಕ್ಟರು ಮಠವಾಸಿಗಳಿಗೆ ಬರೆದ ನಿಯಮದ ಮೊದಲ ಪದವೇ 'ಆಲಿಸು'. ಆಮೇಲೆ ಹೃದಯದ ಕಿವಿಗೊಡು ಅನ್ನುತ್ತಾರೆ. ಪ್ರಾರ್ಥಿಸು, ದುಡಿ ಅನ್ನುವ ಪ್ರಸಿದ್ಧ ಮಾತು ಅವರದೇ ಅಂತ ಎಲ್ಲರೂ ಹೇಳುತ್ತಾರೆ, ಆ ನಿಯಮದಲ್ಲಿ ಮಾತ್ರ ಅದು ಹಾಗೆ ಎಲ್ಲೂ ಬರುವುದಿಲ್ಲ. 'ಆಲಿಸು' ಇದೆ. ಕಾರ್ಡಿನಲ್ ನ್ಯೂಮನ್ ಅವರ ಧ್ಯೇಯವಾಕ್ಯವೂ ಚೆನ್ನಾಗಿದೆ, ಹೃದಯ ಹೃದಯದೊಡನೆ ಮಾತಾಡುತ್ತದೆ ಅಂತ. ಅದನ್ನು ಅವರು ಆರಿಸಿಕೊಂಡದ್ದು ಸಂತ ಫ್ರಾನ್ಸಿಸ್ ದೆ ಸಾಲ್ ಅವರಿಂದ.

ನಾಲ್ಕನೇಬೆಂಚು
'ಆಲಿಸು' ಅಂತ ಹೆಸರಿಟ್ಟು ಎಂಟು ಪುಟ ಪೂರ್ತಿ ನಾವೇ ಮಾತಾಡೋದಾ?

ಕಾನೂನುಮೇಷ್ಟ್ರು
ಫ್ರಾನ್ಸಿಸ್ ದೆ ಸಾಲ್ ಹೆಸರು ಬಂದದ್ದು ಒಳ್ಳೆಯದಾಯಿತು. 1594ರಲ್ಲಿ ಅವರನ್ನು ಷಾಬ್ಲೇ ಪ್ರಾಂತ್ಯಕ್ಕೆ ಕಳಿಸಿದಾಗ ಅಲ್ಲಿ ಬಹುತೇಕ ಎಲ್ಲರೂ ಪ್ರಾಟೆಸ್ಟೆಂಟರ ಕ್ಯಾಲ್ವಿನ್ ಪಂಥಕ್ಕೆ ಹೋಗಿದ್ದರು. ಪ್ರಬೋಧನೆ ಕೇಳೋಕೆ ಜನವೇ ಬರುತ್ತಿರಲಿಲ್ಲ. ಆಗ ಅವರು ಹೇಳಬೇಕಾದ್ದನ್ನು ಹಾಳೆಗಳಲ್ಲಿ ಬರೆದು, ಪ್ರತಿ ಮಾಡಿಸಿ, ಮನೆ ಬಾಗಿಲುಗಳ ಕೆಳಗೆ ತೂರಿಸುತ್ತಿದ್ದರು. ಬಾಗಿಲು ತೆಗೆಯದವರೂ ಹಾಳೆ ಎತ್ತಿ ಓದುತ್ತಿದ್ದರು. 1923ರಲ್ಲಿ ಹನ್ನೊಂದನೇ ಪಿಯುಸ್ ಅವರನ್ನು ಕಥೋಲಿಕ ಬರಹಗಾರರ ಪಾಲಕ ಸಂತ ಅಂತ ಸಾರಿದರು. ಹಬ್ಬ ಜನವರಿ 24.

ಪತ್ರಿಕೆಗೆ ಸಂತರ ಹೆಸರು ಇಡುವುದು ನನಗೆ ಅಷ್ಟು ಇಷ್ಟವಿಲ್ಲ, ಯಾವುದೋ ಧರ್ಮಕೇಂದ್ರದ ವಾರ್ತಾಪತ್ರ ಅನ್ನಿಸುತ್ತದೆ. ಆದರೆ 'ಬಾಗಿಲ ಕೆಳಗೆ' ಅಂತ ಇಟ್ಟರೆ ಹೇಗೆ?

ಗಾಯನವೃಂದ
ಅಯ್ಯೋ ಚೆನ್ನಾಗಿದೆ ಮೇಷ್ಟ್ರೇ! ಬರೀ ಕಾನೂನು ಹೇಳುತ್ತೀರಿ ಅಂದುಕೊಂಡಿದ್ದೆ.

ಕರಡುತಿದ್ದು
ಚೆನ್ನಾಗಿದೆ, ನಿಜ. ನನ್ನ ಒಂದೇ ತಕರಾರು, ಅದು ಬರೆಯುವವನ ಕಡೆಯಿಂದ ನೋಡಿದ ಹೆಸರು. ನಾವು ತೂರಿಸುತ್ತೇವೆ, ನೀವು ಎತ್ತಿಕೊಳ್ಳಿ ಅಂತ. ಇವರ ಪತ್ರಿಕೆಯಲ್ಲಿ ಪ್ರಶ್ನೆ ಹುಟ್ಟುವುದು ಓದುಗರ ಕಡೆಯಿಂದ.

ಹೆಸರು ಅಂದರೆ ಸಂಪಾದಕ ಎಲ್ಲಿ ನಿಂತಿದ್ದಾನೆ ಅಂತ ತೋರಿಸುವುದು. 1922ರಲ್ಲಿ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಪೋಲೆಂಡ್‌ನಲ್ಲಿ ಶುರುಮಾಡಿದ ಪತ್ರಿಕೆಯ ಹೆಸರು 'ನಿಷ್ಕಳಂಕ ಮಾತೆಯ ಯೋಧ'. ಆ ಹೆಸರಲ್ಲೇ ಆತ ಕತ್ತಿ ಹಿಡಿದು ನಿಂತಿದ್ದಾನೆ. 1861ರಿಂದ ಬರುತ್ತಿರುವ ವ್ಯಾಟಿಕನ್ನಿನ ದಿನಪತ್ರಿಕೆ 'ರೋಮಿನ ವೀಕ್ಷಕ', ಅದು ಮೇಲೆ ನಿಂತು ನೋಡುತ್ತದೆ. ಹೊಸಪುಟ ಅವರೇ, ನೀವೆಲ್ಲಿ ನಿಂತಿದ್ದೀರಿ?

ಹೊಸಪುಟ
ಪಕ್ಕದಲ್ಲಿ. ಅಷ್ಟೇ. ನಮಗೂ ಎಲ್ಲ ಗೊತ್ತಿಲ್ಲ, ಕೂತು ಒಟ್ಟಿಗೆ ಓದುತ್ತೇವೆ.

ಗಾಯನವೃಂದ
ಹಾಗಾದರೆ ಪ್ರೇಷಿತರ ಕಾರ್ಯಕಲಾಪಗಳು 8! ಜೆರುಸಲೇಮಿನಿಂದ ಗಾಜಾಕ್ಕೆ ಹೋಗುವ ದಾರಿ. ಇಥಿಯೋಪಿಯದ ಅಧಿಕಾರಿ, ರಾಣಿಯ ಖಜಾನೆ ನೋಡಿಕೊಳ್ಳುವವನು, ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಗಟ್ಟಿಯಾಗಿ ಓದುತ್ತಿದ್ದಾನೆ, ಅದಕ್ಕೇ ಓಡಿಬಂದ, ಶುಭಸಂದೇಶ ಸಾರುವ ಫಿಲಿಪ್ಪನಿಗೆ ಕೇಳಿಸುತ್ತದೆ. ಓದುತ್ತಿರುವುದು ಅರ್ಥವಾಗುತ್ತಿದೆಯಾ ಅಂತ ಫಿಲಿಪ್ಪ ಕೇಳುತ್ತಾನೆ. ಯಾರಾದರೂ ಹೇಳಿಕೊಡದಿದ್ದರೆ ಹೇಗೆ ಅರ್ಥವಾಗಬೇಕು ಅನ್ನುತ್ತಾನೆ ಅವನು. ಆಮೇಲೆ ಮೇಲೆ ಹತ್ತಿ ತನ್ನ ಪಕ್ಕದಲ್ಲಿ ಕೂರಲು ಕರೆಯುತ್ತಾನೆ. ಕರೆದವನು ಓದುಗ, ನೋಡಿ! ಫಿಲಿಪ್ಪ ತಾನಾಗಿ ಹತ್ತಲಿಲ್ಲ.

ಕೊನೆಯೂ ಸೊಗಸು. ಅಧಿಕಾರಿಗೆ ಸ್ನಾನದೀಕ್ಷೆ ಆದ ಕೂಡಲೇ ಪವಿತ್ರಾತ್ಮ ಫಿಲಿಪ್ಪನನ್ನು ಕೊಂಡೊಯ್ಯುತ್ತದೆ. ವಿವರಿಸಿದವನು ಮಾಯ. ಓದುಗ ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ, ಖುಷಿಯಾಗಿ ತನ್ನ ದಾರಿ ಹಿಡಿಯುತ್ತಾನೆ. ಸಂಪಾದಕರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಸುಮ್ನೆಓದುಗ
'ಗಾಜಾ ದಾರಿ'?

ಕರಡುತಿದ್ದು
ಬೇಡ. ಇವತ್ತು ಆ ಪದ ಕಂಡರೆ ಯಾರಿಗೂ ಫಿಲಿಪ್ಪ ನೆನಪಾಗುವುದಿಲ್ಲ, ಯುದ್ಧದ ಸುದ್ದಿ ನೆನಪಾಗುತ್ತದೆ. ಅಲ್ಲಿನವರ ನೋವನ್ನು ನಾವು ಹೆಸರಿಗೆ ಬಳಸಿಕೊಂಡ ಹಾಗೂ ಕಾಣುತ್ತದೆ. 'ರಥ' ಕೂಡ ಬೇಡ, ಓದುಗರಿಗೆ ಮೊದಲು ಬೇರೆಯೇ ಚಿತ್ರ ಬರುತ್ತದೆ.

ನಾಲ್ಕನೇಬೆಂಚು
'ಜೊತೆ ಓದು'. ಆಯಿತಲ್ಲ?

ಸಂಜೆಪ್ರಾರ್ಥನೆ
ಬೆಂಚಿನವರು ಮೊದಲ ಸಲ ಗಂಭೀರವಾಗಿ ಏನೋ ಹೇಳಿದರು!

ಗಾಯನವೃಂದ
ಜೊತೆ ಓದು. ಹೇಳೋಕೆ ಸಲೀಸು, ಯಾರ ಮೇಲೂ ಚೀಟಿ ಇಲ್ಲ. 8ನೇ ಅಧ್ಯಾಯ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ, ಗೊತ್ತಿದ್ದವರಿಗೆ ಇನ್ನಷ್ಟು ಸಿಗುತ್ತದೆ.

ಕಾನೂನುಮೇಷ್ಟ್ರು
ಇನ್ನೊಂದು ಅನುಕೂಲ ಹೇಳುತ್ತೇನೆ, ನಗಬೇಡಿ. ಹೆಸರಲ್ಲೇ ಯೇಸುವಿನದೋ ಪರಮಪ್ರಸಾದದ್ದೋ ಹೆಸರಿದ್ದರೆ ಹಳೇ ಸಂಚಿಕೆ ರದ್ದಿಗೆ ಹಾಕೋಕೆ ಜನ ಹಿಂಜರಿಯುತ್ತಾರೆ. ಮನೆಯಲ್ಲಿ ಕಟ್ಟು ಕಟ್ಟು ಧೂಳು ಹಿಡಿಯುತ್ತದೆ. ಈ ಹೆಸರಿಗೆ ಆ ಕಾಟ ಇಲ್ಲ.

ಹೊಸಪುಟ
ಇಲ್ಲಿ ನಮ್ಮವರೆಲ್ಲ ಓದಿದರು, ಯಾರೂ ಅಡ್ಡ ಮಾತಾಡಲಿಲ್ಲ. ಅದೇ ಆಶ್ಚರ್ಯ. 'ಜೊತೆ ಓದು' ಗಟ್ಟಿ. ಪ್ರಶ್ನೋತ್ತರದ ಅಂಕಣಕ್ಕೆ 'ಹತ್ತಿ ಕೂತ್ಕೊಳ್ಳಿ' ಅಂತ ಇಡುತ್ತಿದ್ದೇವೆ. 'ಬಾಗಿಲ ಕೆಳಗೆ' ಸಂತರ ಕಥೆಯ ಪುಟಕ್ಕೆ, ಮೇಷ್ಟ್ರು ಅಭ್ಯಂತರ ಮಾಡದಿದ್ದರೆ. ಇನ್ನೆರಡು ಪ್ರಶ್ನೆ. ಹೆಸರಿನ ಕೆಳಗೆ 'ಕಥೋಲಿಕ ಮಾಸಿಕ' ಅಂತ ಸಣ್ಣಕ್ಷರದಲ್ಲಿ ಹಾಕಬಹುದಾ? ಮತ್ತೆ, ಹೆಸರಿನ ಜೊತೆ ಬೈಬಲಿನ ವಚನ ಹಾಕಬೇಕಾ?

ಕಾನೂನುಮೇಷ್ಟ್ರು
ಅಭ್ಯಂತರ ಏನೂ ಇಲ್ಲ, ಖುಷಿ. 'ಕಥೋಲಿಕ ಮಾಸಿಕ' ಅಂದರೆ ಮತ್ತೆ 216ರ ಮುಂದೆ ಹೋಗಿ ನಿಲ್ಲುತ್ತೀರಿ, ಅಕ್ಷರ ಸಣ್ಣದಾದರೂ. 'ಕೆಲವು ಕಥೋಲಿಕ ಓದುಗರು ಸೇರಿ ತರುವ ಮಾಸಿಕ' ಅಂತ ಹಾಕಿ. ಅದು ನಿಮ್ಮ ಬಗ್ಗೆ ನೀವು ಹೇಳುವ ನಿಜ. ಆದರೂ ಅಚ್ಚಿಗೆ ಮೊದಲು ಧರ್ಮಕೇಂದ್ರದ ಗುರುಗಳಿಗೆ ಒಂದು ಪ್ರತಿ ತೋರಿಸಿ. ಅಪ್ಪಣೆಗಲ್ಲ, ಹೊರಗಿನವರಿಂದ ಅವರಿಗೆ ಸುದ್ದಿ ಮುಟ್ಟುವುದು ಬೇಡ ಅಂತ.

ಕರಡುತಿದ್ದು
ವಚನದ ಬಗ್ಗೆ: ರೋಮಿನ ವೀಕ್ಷಕದ ತಲೆಬರಹದಲ್ಲಿ ಎರಡು ಲ್ಯಾಟಿನ್ ಮಾತು ಇವೆ. ಒಂದು, ಪ್ರತಿಯೊಬ್ಬರಿಗೂ ಅವರವರದು. ಇನ್ನೊಂದು, ನರಕದ ಬಾಗಿಲುಗಳು ಗೆಲ್ಲಲಾರವು ಅಂತ ಮತ್ತಾಯ 16ರಲ್ಲಿ ಬರುವ ಮಾತಿನ ತುಣುಕು. ಅದು ಅಷ್ಟು ಭಾರ ಹೊರಬಲ್ಲ ಪತ್ರಿಕೆ. ನಿಮ್ಮದು ಎಂಟು ಪುಟ. ಮೇಲೆ ಹೆಸರೊಂದೇ ಇರಲಿ. ಅಧಿಕಾರಿಯ ಮಾತು, 8:31, ಅಂಕಣದ ನೆತ್ತಿಯ ಮೇಲೆ ಹಾಕಿ.

ಹೊಸಪುಟ
ಹಾಗೇ ಮಾಡುತ್ತೇವೆ. ಗಾಯನವೃಂದ ಅವರೇ, ಆ ಕೊಡ, ಇದ್ದಿಲು, ದಿಂಬು ಬಗ್ಗೆ ಬರೆದಿರಲ್ಲ, ಅದನ್ನು ಸ್ವಲ್ಪ ಬೆಳೆಸಿ ಎರಡನೇ ಸಂಚಿಕೆಗೆ ಕೊಡುತ್ತೀರಾ? ಎರಡು ಪುಟ ಖಾಲಿ ಇಟ್ಟಿರುತ್ತೇವೆ.

ಗಾಯನವೃಂದ
ರೋದೆಗೇ ಒಂದು ಪುಟ ಬೇಕಾಗುತ್ತದೆ. ಮೂರು ಕೊಡಿ.